ಹೆದರಿರೋ ಮನುಷ್ಯ ಓದಲ್ಲ

ಎಲ್ಲರಿಗೂ ನಮಸ್ಕಾರ. ನಾನು ಕೂತು ಮಾತಾಡ್ತಿರೋದು ಸಿಡ್ನಿಯ ಪ್ಯಾರಮ್ಯಾಟಾದಲ್ಲಿ, ಇದು ಇಲ್ಲಿನ ಮೂಲನಿವಾಸಿಗಳಾದ ಧರುಗ್ ಜನರ ನೆಲ, ಅವರ ಹಿರಿಯರಿಗೆ ಮೊದಲು ಕೈ ಮುಗಿದು ಶುರು ಮಾಡ್ತೀನಿ. ಮೀಟಿಂಗಲ್ಲಿ ಶಾಸ್ತ್ರಕ್ಕೆ ಹೇಳ್ತಾರಲ್ಲ ಹಾಗೆ ಹೇಳ್ತಿಲ್ಲ, ಇವತ್ತಿನ ವಿಷಯಾನೇ ಅದು.

ನೀವು ಈಗ ಕೆಲಸ ಮುಗಿಸಿ ಕಾರಲ್ಲಿ ಮನೆಗೆ ಹೋಗ್ತಿರಬಹುದು, ಇಲ್ಲಾ ಸಾರಿಗೆ ಒಗ್ಗರಣೆ ಹಾಕ್ತಾ ಕೇಳ್ತಿರಬಹುದು. ನಿಮ್ಮಲ್ಲಿ ಬಹಳ ಜನ ಬ್ಲ್ಯಾಕ್‌ಟೌನ್ ಕಡೆಯವರು ಅಂತ ನಂಗೊತ್ತು. ಆ ಊರಿಗೆ ಆ ಹೆಸರು ಯಾಕೆ ಬಂತು ಅಂತ ಯಾವತ್ತಾದ್ರೂ ಯೋಚನೆ ಮಾಡಿದೀರಾ? 1814ರಲ್ಲಿ ಗವರ್ನರ್ ಮ್ಯಾಕ್ವಾರಿ ಇದೇ ಪ್ಯಾರಮ್ಯಾಟಾದಲ್ಲಿ ನೇಟಿವ್ ಇನ್‌ಸ್ಟಿಟ್ಯೂಷನ್ ಅಂತ ಒಂದು ಶಾಲೆ ಸ್ಥಾಪಿಸಿದ, ಅಬೊರಿಜಿನಲ್, ಅಂದ್ರೆ ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳನ್ನ ಅಪ್ಪ ಅಮ್ಮನಿಂದ ದೂರ ಇಟ್ಟು ತಮ್ಮ ಥರ ಮಾಡೋಕೆ. 1823ರಲ್ಲಿ ಆ ಶಾಲೇನ ರಿಚ್ಮಂಡ್ ರೋಡ್ ಕಡೆಗೆ ಸಾಗಿಸಿದ್ರು, ಆ ಜಾಗಾನ ಜನ ಬ್ಲ್ಯಾಕ್ ಟೌನ್ ಅಂತ ಕರೆಯೋಕೆ ಶುರು ಮಾಡಿದ್ರು. ಆ ನೆಲ ಧರುಗ್ ಜನರ ಕೈಗೆ ವಾಪಸ್ ಬಂದಿದ್ದು 2018ರಲ್ಲಿ. ನಾವು ಲೋನ್ ತಗೊಂಡು, ಹಾಲು ಉಕ್ಕಿಸಿ ಗೃಹಪ್ರವೇಶ ಮಾಡಿರೋ ಸಬರ್ಬಿನ ಹೆಸರಲ್ಲೇ ಈ ಕಥೆ ಕೂತಿದೆ.

ನಾನು ವೆಬ್‌ಸೈಟ್ ಡಿಸೈನ್ ಮಾಡೋಳು. ಕಾನೂನಿನ ವಿಷಯಾನ ಸಾಮಾನ್ಯ ಜನಕ್ಕೆ ಅರ್ಥ ಆಗೋ ಹಾಗೆ ಹೇಳೋ ಸೈಟ್‌ಗಳು ನನ್ನ ಕೆಲಸ. ಅದರಲ್ಲಿ ಒಂದು, ನ್ಯೂ ಸೌತ್ ವೇಲ್ಸ್‌ನ ಅಬೊರಿಜಿನಲ್ ಅಪ್ಪ ಅಮ್ಮಂದಿರಿಗೆ ಅಂತ ಮಾಡಿದ್ದು. ಮಕ್ಕಳ ಇಲಾಖೆಯವರು ಬಾಗಿಲು ತಟ್ಟಿದ್ರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು, ಮಗೂನ ಕರ್ಕೊಂಡು ಹೋಗಿಬಿಟ್ರೆ ವಾಪಸ್ ತರೋದು ಹೇಗೆ, ಇದು ಅದರ ವಿಷಯ. ಈ ಕೆಲಸದಲ್ಲಿ ನಾನು ಕಲಿತಿದ್ದು ಒಂದೇ ಮಾತು, ಇವತ್ತು ಅದನ್ನೇ ಹತ್ತು ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೆದರಿರೋ ಮನುಷ್ಯ ಓದಲ್ಲ.

ಇಮಿಗ್ರೇಷನ್‌ನಿಂದ ವೀಸಾ ಮೇಲ್ ಬಂದಾಗ ನೀವು ಹೇಗೆ ಓದಿದ್ರಿ, ಸ್ವಲ್ಪ ಜ್ಞಾಪಿಸ್ಕೊಳ್ಳಿ. ಇಂಗ್ಲಿಷಲ್ಲಿ ಎಂಎಸ್ ಮಾಡಿರೋರು, ಆಫೀಸಲ್ಲಿ ದಿನಾ ನೂರು ಮೇಲ್ ಓದೋರು, ಆ ಮೇಲ್ ಓಪನ್ ಮಾಡಿದಾಗ ಕಣ್ಣು ಕತ್ತಲೆ. ಒಂದು ಸಾಲೂ ತಲೆಗೆ ಹೋಗಲ್ಲ, ಗ್ರಾಂಟೆಡ್ ಅಂತ ಇದೆಯಾ ರೆಫ್ಯೂಸ್ಡ್ ಅಂತ ಇದೆಯಾ ಅಷ್ಟೇ ಹುಡುಕ್ತೀರಿ. ಅದು ಒಂದು ಕಾಗದದ ವಿಷಯ. ಹೆತ್ತ ಮಗು ವಿಷಯ ಆದ್ರೆ?

ಆ ಹೆದರಿಕೆ ಎಲ್ಲಿಂದ ಬಂತು ಅಂತ ಬೇಗ ಹೇಳಿಬಿಡ್ತೀನಿ. ಈ ರಾಜ್ಯದಲ್ಲಿ 1909ರಲ್ಲಿ ಒಂದು ಕಾನೂನು ಮಾಡಿದ್ರು, ಹೆಸರಲ್ಲೇ ಪ್ರೊಟೆಕ್ಷನ್ ಅಂತ ಇತ್ತು. 1915ರಲ್ಲಿ ಅದಕ್ಕೆ ತಿದ್ದುಪಡಿ ಬಂದ್ಮೇಲೆ ಕೋರ್ಟು ಕಚೇರಿ ಏನೂ ಬೇಡ, ಅಬೊರಿಜಿನಲ್ ಜನರ ಉಸ್ತುವಾರಿ ನೋಡ್ತಿದ್ದ ಸರ್ಕಾರಿ ಬೋರ್ಡಿನವರು ಬಂದು ಅವರ ಮಗೂನ ಕರ್ಕೊಂಡು ಹೋಗಬಹುದಿತ್ತು. ಹುಡುಗೀರನ್ನ ಕೂಟಮಂಡ್ರಾದ ಹೋಮ್‌ಗೆ ಹಾಕಿ ಮನೆಗೆಲಸ ಕಲಿಸಿ ಬಿಳಿಯರ ಮನೆಗಳಿಗೆ ಕಳಿಸೋರು. ಹುಡುಗರನ್ನ ಕೆಂಪ್ಸಿ ಹತ್ರದ ಕಿಂಚೆಲಾಗೆ, ಅಲ್ಲಿ ಮಕ್ಕಳಿಗೆ ಹೆಸರಿರಲಿಲ್ಲ, ನಂಬರ್ ಇತ್ತು. 1997ರ ಬ್ರಿಂಗಿಂಗ್ ದೆಮ್ ಹೋಮ್ ವರದಿ ಪ್ರಕಾರ 1910ರಿಂದ 1970ರ ಒಳಗೆ ದೇಶದಲ್ಲಿ ಹತ್ತು ಅಬೊರಿಜಿನಲ್ ಮಕ್ಕಳಲ್ಲಿ ಕನಿಷ್ಠ ಒಂದು, ಜಾಸ್ತಿ ಅಂದ್ರೆ ಮೂರರಲ್ಲಿ ಒಂದು ಮಗು ಹೀಗೆ ಮನೆಯಿಂದ ಹೋಗಿದೆ. 2008ರ ಫೆಬ್ರವರಿ 13ಕ್ಕೆ ಪ್ರಧಾನಿ ಕೆವಿನ್ ರಡ್ ಪಾರ್ಲಿಮೆಂಟಲ್ಲಿ ಕ್ಷಮೆ ಕೇಳಿದ್ರು. ಸರಿ, ಮುಗೀತಲ್ಲ ಅಂತೀರಾ? ಇವತ್ತಿಗೂ ಈ ದೇಶದ ಮಕ್ಕಳಲ್ಲಿ ನೂರಕ್ಕೆ ಸುಮಾರು 6 ಜನ ಅಬೊರಿಜಿನಲ್ ಮತ್ತು ಟಾರೆಸ್ ಸ್ಟ್ರೇಟ್ ದ್ವೀಪದ ಮಕ್ಕಳು, ಆದ್ರೆ ಅಪ್ಪ ಅಮ್ಮನಿಂದ ಬೇರೆಯಾಗಿ ಸರ್ಕಾರದ ವ್ಯವಸ್ಥೇಲಿ ಬೆಳೀತಿರೋ ಮಕ್ಕಳಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಅವರೇ. ಅದಕ್ಕೇ ಬಾಗಿಲು ತಟ್ಟಿದ ಶಬ್ದಕ್ಕೆ ಅವರ ಎದೆ ಹೊಡ್ಕೊಳ್ಳೋದೂ ನಮ್ಮ ಎದೆ ಹೊಡ್ಕೊಳ್ಳೋದೂ ಒಂದೇ ಅಲ್ಲ.

ಈಗ ನಾನು ಹೇಳಲೇಬೇಕಾದ ಒಂದು ಪ್ರಸಂಗ ಇದೆ, ಸ್ವಲ್ಪ ಉದ್ದ ಆದ್ರೂ ಪೂರ್ತಿ ಹೇಳ್ತೀನಿ.

ಮೊದಲನೇ ಡ್ರಾಫ್ಟ್ ರೆಡಿ ಆಗಿತ್ತು. ನಮ್ಮ ಟೀಮಿಗೆ ಬಹಳ ಹೆಮ್ಮೆ. ನೀಲಿ ಬಣ್ಣದ ಹೆಡರ್, ಸುತ್ತ ಚುಕ್ಕಿ ಚುಕ್ಕಿ ಪೇಂಟಿಂಗಿನ ಬಾರ್ಡರ್, ಮಗೂನ ಎತ್ಕೊಂಡು ನಗ್ತಿರೋ ಹೆಂಗಸಿನ ಫೋಟೋ, ಕೆಳಗೆ ನಿಮ್ಮ ಹಕ್ಕುಗಳನ್ನು ತಿಳಿಯಿರಿ ಅಂತ ದಪ್ಪಕ್ಷರ. ಅದನ್ನ ತೋರಿಸೋಕೆ ಡಬ್ಬೋಗೆ ಹೋದ್ವಿ, ಸಿಡ್ನಿಯಿಂದ ಸುಮಾರು 400 ಕಿಲೋಮೀಟರ್, ವಿರಾಜುರಿ ಜನರ ನಾಡು. ನಮ್ಮ ಜೊತೆ ಕೆಲಸ ಮಾಡೋ ವಿರಾಜುರಿ ಹುಡುಗಿ ದಾರಿಯಲ್ಲೇ ಹೇಳಿದ್ಲು, ಅಕ್ಕಾ ಹೋದ ತಕ್ಷಣ ಲ್ಯಾಪ್‌ಟಾಪ್ ತೆಗೀಬೇಡಿ, ಮೊದಲು ಟೀ ಕುಡೀರಿ, ನೀವು ಯಾವೂರು, ನಿಮ್ಮ ಅಮ್ಮ ಯಾರು, ಅಜ್ಜಿ ಯಾರು ಅಂತ ಹೇಳಿ, ಅವರು ಕೇಳೋದು ಅದನ್ನೇ. ನಂಗೆ ಹಾಸನದಲ್ಲಿ ನಮ್ಮಜ್ಜಿ ಜಗಲಿ ಮೇಲೆ ಕೂತು ಹೊಸಬರನ್ನ ಯಾರ ಪೈಕಿನಮ್ಮಾ ನೀನು ಅಂತ ಕೇಳ್ತಿದ್ದಿದ್ದು ನೆನಪಾಯ್ತು. ಅದೇ ಪ್ರಶ್ನೆ! ನಮ್ಮ ಪ್ರಾಜೆಕ್ಟ್ ಪ್ಲಾನಲ್ಲಿ ಇದಕ್ಕೆ ಒಂದು ನಿಮಿಷಾನೂ ಇಟ್ಟಿರಲಿಲ್ಲ.

ಹಾಲಲ್ಲಿ ಏಳೆಂಟು ಜನ ಹೆಂಗಸರು, ಅವರಲ್ಲಿ ಹಿರಿಯರು ಒಬ್ಬರು, ಎಪ್ಪತ್ತರ ಹತ್ರ ವಯಸ್ಸು, ಎಲ್ಲರೂ ಆಂಟಿ ಅನ್ನೋರು. ನಾವು ಪಕ್ಕದ ಮನೆಯವರನ್ನ ಆಂಟಿ ಅನ್ನೋ ಹಾಗಲ್ಲ ಅದು, ಅಲ್ಲಿ ಆ ಮಾತಲ್ಲಿ ಗೌರವ ಇದೆ, ಹಿರಿತನ ಇದೆ. ಎರಡು ಗಂಟೆ ಹೊತ್ತು ನಾವು ತಂದ ಟ್ಯಾಬ್ಲೆಟ್ ಯಾರೂ ಮುಟ್ಟಲಿಲ್ಲ. ಆಮೇಲೆ ಆಂಟಿ ತಮ್ಮ ಬ್ಯಾಗಿಂದ ತಮ್ಮದೇ ಫೋನ್ ತೆಗೆದು ಇದರಲ್ಲಿ ತೋರಿಸು ಮಗಳೇ ಅಂದ್ರು. ಸ್ಕ್ರೀನ್ ಒಂದು ಮೂಲೇಲಿ ಒಡೆದಿತ್ತು, ಬ್ಯಾಟರಿ ಉಳಿಸೋಕೆ ಬ್ರೈಟ್‌ನೆಸ್ ಪೂರ್ತಿ ಕಮ್ಮಿ, ಪ್ರೀಪೇಯ್ಡ್ ಸಿಮ್. ನಮ್ಮ ಆ ಚಂದದ ಫೋಟೋ ಲೋಡ್ ಆಗ್ಲೇ ಇಲ್ಲ, ಬೂದು ಬಣ್ಣದ ಚೌಕ ಬಂದು ನಿಂತ್ಕೊಂಡ್ತು. ಅವರು ಸುಮ್ನೆ ಕೆಳಗೆ ಸರಿಸ್ತಾ ಹೋದ್ರು. ನಮ್ಮನ್ನು ಸಂಪರ್ಕಿಸಿ ಅನ್ನೋ ಫಾರ್ಮ್ ಬಂತು. ನಿಮ್ಮ ಹೆಸರು, ವಿಳಾಸ, ಮಕ್ಕಳ ಹೆಸರು, ವಯಸ್ಸು. ಅಲ್ಲಿ ಅವರ ಬೆರಳು ನಿಂತ್ಕೊಂಡ್ತು. ಫೋನನ್ನ ನಿಧಾನಕ್ಕೆ ಬೋರಲಾಗಿ ಟೀ ಕಪ್ಪಿನ ಪಕ್ಕ ಇಟ್ರು. ಇಟ್ಟು ಕೇಳಿದ್ರು, ಇದು ಯಾರ ಕೈಗೆ ಹೋಗುತ್ತೆ?

ನಾನು ಪ್ರೈವಸಿ ಪಾಲಿಸಿ ಬಗ್ಗೆ ಹೇಳೋಕೆ ಶುರು ಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದ್ರು. ನಮ್ಮಮ್ಮನ್ನ ಕೂಟಮಂಡ್ರಾಗೆ ಕರ್ಕೊಂಡು ಹೋದಾಗ್ಲೂ ಮೊದಲು ಒಬ್ಬ ಬಂದು ಮನೇಲಿ ಎಷ್ಟು ಮಕ್ಕಳು, ಹೆಸರೇನು, ವಯಸ್ಸೆಷ್ಟು ಅಂತ ಬರ್ಕೊಂಡು ಹೋಗಿದ್ದ. ನೀನೂ ಅದನ್ನೇ ಕೇಳ್ತಿದೀಯಾ.

ಅಷ್ಟೇ ಅಂದಿದ್ದು. ಕೋಪದಲ್ಲಿ ಹೇಳಲಿಲ್ಲ, ಬಿಸ್ಕೆಟ್ ತಟ್ಟೆ ನನ್ನ ಕಡೆ ತಳ್ಳಿದ್ರು. ನಾನು ಹದಿನೈದು ವರ್ಷದಿಂದ ಫಾರ್ಮ್ ಡಿಸೈನ್ ಮಾಡಿದೀನಿ, ಹೆಸರು ವಿಳಾಸದ ಖಾಲಿ ಡಬ್ಬಿಗಳನ್ನ ಸಾವಿರ ಸಲ ಇಟ್ಟಿದೀನಿ, ಆ ಡಬ್ಬಿ ಒಬ್ಬರಿಗೆ ಹಾಗೆ ಕಾಣಬಹುದು ಅಂತ ನಂಗೆ ಒಂದು ದಿನಾನೂ ಹೊಳೆದಿರಲಿಲ್ಲ. ಆವತ್ತೇ ಫಾರ್ಮ್ ತೆಗೆದು ಹಾಕಿದ್ವಿ. ಈಗ ಆ ಜಾಗದಲ್ಲಿ ಒಂದು ಫೋನ್ ನಂಬರ್ ಇದೆ, ಅದರ ಕೆಳಗೆ ಒಂದು ಸಾಲು: ನಿಮ್ಮ ಹೆಸರು ಹೇಳದೇನೂ ಮಾತಾಡಬಹುದು. ಈ ಸಾಲು ಪುಟದ ತಳದಲ್ಲಿಲ್ಲ, ಎಲ್ಲಕ್ಕಿಂತ ಮೇಲಿದೆ. ಹೆದರಿರೋ ಮನುಷ್ಯ ಕೆಳಗಿನ ತನಕ ಓದಲ್ಲ.

ಆಮೇಲೆ ಮಾತು ಶುರುವಾಯ್ತು, ಎಲ್ಲರೂ ಹೇಳೋಕೆ ಶುರು ಮಾಡಿದ್ರು. ಚುಕ್ಕಿ ಪೇಂಟಿಂಗ್ ನಮ್ಮದಲ್ಲ, ಅದು ಮರುಭೂಮಿ ಕಡೆಯವರದ್ದು, ನಮ್ಮ ಹಿರಿಯರು ಮರದ ಮೇಲೆ ಗೆರೆ ಕೆತ್ತೋರು ಅಂದ್ರು. ಯಕ್ಷಗಾನದ ಕಿರೀಟ ಹಾಕಿ ಇದು ಬೀದರಿನ ಸೈಟ್ ಅಂದ್ರೆ ನಮಗೆ ಹೇಗಿರುತ್ತೆ? 1788ರಲ್ಲಿ ಬ್ರಿಟಿಷರು ಬಂದಾಗ ಇಲ್ಲಿ 250ಕ್ಕಿಂತ ಜಾಸ್ತಿ ಭಾಷೆಗಳಿದ್ವು, ಅಷ್ಟೂ ಜನಕ್ಕೆ ಒಂದೇ ಚಿತ್ರ ಅಂಟಿಸಿದ್ವಲ್ಲ. ನೀಲಿ ಹೆಡರ್ ನೋಡಿದ್ರೆ ಇಲಾಖೆ ಕಾಗದ ನೋಡಿದ ಹಾಗಾಗುತ್ತೆ ಅಂದ್ರು, ಅದೂ ಹೋಯ್ತು.

ಕೊನೆಗೆ ಆಂಟಿ ಇನ್ನೊಂದು ಕೇಳಿದ್ರು. ಇದು ಅಪ್ಪ ಅಮ್ಮಂದಿರಿಗೆ ಅಂತಿದೀಯಲ್ಲ, ನಾನೆಲ್ಲಿ? ಅವರು ಸಾಕ್ತಿರೋದು ತಂಗಿಯ ಮೂರು ಮೊಮ್ಮಕ್ಕಳನ್ನ. ನಮ್ಮ ಪುಟದಲ್ಲಿ ಇದ್ದಿದ್ದು ಪೇರೆಂಟ್, ಗಾರ್ಡಿಯನ್, ಎರಡೇ. ಆಗ ನಾನು ಅವರಿಗೆ ಹೇಳಿದೆ, ಆಂಟಿ, ನಮ್ಮ ಭಾಷೇಲಿ ಅಮ್ಮನ ಅಕ್ಕ ದೊಡ್ಡಮ್ಮ, ಅಮ್ಮನ ತಂಗಿ ಚಿಕ್ಕಮ್ಮ, ಇಬ್ಬರ ಹೆಸರಲ್ಲೂ ಅಮ್ಮ ಇದ್ದಾಳೆ, ಅಪ್ಪನ ಅಣ್ಣ ದೊಡ್ಡಪ್ಪ. ಅವರ ಮುಖ ಅರಳಿಬಿಡ್ತು. ಅವರಲ್ಲೂ ಬಹಳ ಜನಾಂಗಗಳಲ್ಲಿ ಅಮ್ಮನ ಅಕ್ಕತಂಗೀರೆಲ್ಲ ಅಮ್ಮನೇ. ಮತ್ತೆ ಗೊತ್ತಿದ್ದೂ ಇಂಗ್ಲಿಷರ ಥರ ಯಾಕೆ ಬರೆದೆ ಅಂತ ಕೇಳಿದ್ರು. ಉತ್ತರ ಇರಲಿಲ್ಲ ನನ್ನ ಹತ್ರ. ಈಗ ಪುಟದ ಮೊದಲಲ್ಲೇ ಇದೆ: ನೀವು ಅಮ್ಮ ಇರಬಹುದು, ಅಪ್ಪ ಇರಬಹುದು, ನ್ಯಾನ್ ಅಂದ್ರೆ ಅಜ್ಜಿ, ಪಾಪ್ ಅಂದ್ರೆ ತಾತ ಇರಬಹುದು, ಆಂಟಿ, ಅಂಕಲ್, ಮಗೂನ ಸಾಕ್ತಿರೋ ಯಾರೇ ಇರಬಹುದು, ಇದು ನಿಮಗೆ. ಇದು ಬರೀ ಮರ್ಯಾದೆ ಮಾತಲ್ಲ, ಕಾನೂನಲ್ಲೂ ಇದರ ಬೆಲೆ ದೊಡ್ಡದು. ಈ ರಾಜ್ಯದ 1998ರ ಮಕ್ಕಳ ಆರೈಕೆ, ರಕ್ಷಣೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಬೊರಿಜಿನಲ್ ಮಗೂನ ಅಪ್ಪ ಅಮ್ಮನಿಂದ ಬೇರೆ ಇಡಲೇಬೇಕಾಗಿ ಬಂದ್ರೆ ಮೊದಲು ನೋಡಬೇಕಾಗಿರೋದು ಬಂಧು ಬಳಗದಲ್ಲಿ. ಆ ಆಂಟಿಗೆ ಇದು ಗೊತ್ತಿರಬೇಕಾಗಿದ್ದು ಮೊದಲು, ನಾವು ಅವರನ್ನ ಪುಟದಿಂದಾನೇ ಹೊರಗೆ ಇಟ್ಟಿದ್ವಿ.

ಟೈಮ್ ಓಡ್ತಿದೆ, ಉಳಿದಿದ್ದು ಬೇಗ ಹೇಳ್ತೀನಿ. ಸೇವೆ ತಗೊಳ್ಳೋರ ಸಂಸ್ಕೃತಿಗೆ ಧಕ್ಕೆ ಆಗದ ಹಾಗೆ ನಡ್ಕೊಳ್ಳೋದಕ್ಕೆ ಕಲ್ಚರಲ್ ಸೇಫ್ಟಿ ಅಂತಾರೆ, ಆ ಮಾತು ಬಂದಿದ್ದು ನ್ಯೂಜಿಲೆಂಡಿಂದ, ಇರಿಹಪೆಟಿ ರಾಮ್ಸ್ಡೆನ್ ಅಂತ ಒಬ್ಬ ಮಾವೊರಿ ನರ್ಸ್ ಅದನ್ನ ಬೆಳೆಸಿದ್ರು. ಅವರ ಮಾತಿನ ತಿರುಳು ಇಷ್ಟು, ಇದು ಸೇಫ್ ಹೌದೋ ಅಲ್ಲವೋ ಅಂತ ಹೇಳೋದು ಸೇವೆ ಕೊಡೋರಲ್ಲ, ತಗೊಳ್ಳೋರು. ಐಟಿಯಲ್ಲಿರೋರು ಇದನ್ನ ದಯವಿಟ್ಟು ಕೇಳಿಸ್ಕೊಳ್ಳಿ, ಟೆಸ್ಟಿಂಗಲ್ಲಿ ಎಲ್ಲ ಪಾಸ್ ಆಗಿದೆ ಅಂತ ನಂಗೆ ಹೇಳಬೇಡಿ, ಆಂಟಿ ಫೋನ್ ಬೋರಲು ಹಾಕಿದ್ರೆ ಅದು ಫೇಲ್.

ತೀರಿಕೊಂಡವರ ಹೆಸರು, ಫೋಟೋ, ದನಿ ಬಹಳ ಸಮುದಾಯಗಳಲ್ಲಿ ಹಾಗೆಲ್ಲ ಬಳಸಲ್ಲ, ಮನೆಯವರನ್ನ ಕೇಳಬೇಕು. ಹಾಗಾಗಿ ಫೋಟೋ ಹಾಕೋ ದಿನಾನೇ ತೆಗೆಯೋದು ಹೇಗೆ, ಯಾರು ಹೇಳಿದ್ರೆ ತೆಗೀತೀವಿ ಅಂತ ನಿರ್ಧಾರ ಆಗಿರಬೇಕು. ಮನೇಲಿ ಹೊಡೆಯೋರು ಇದ್ರೆ ಸ್ಕ್ರೀನ್ ತಕ್ಷಣ ಬದಲಾಯಿಸೋಕೆ ಒಂದು ಬಟನ್ ಬೇಕು, ಒತ್ತಿದ್ರೆ ಹವಾಮಾನದ ಪುಟ ಬರುತ್ತೆ, ಆದ್ರೆ ಅದು ಹಿಸ್ಟರಿ ಅಳಿಸಲ್ಲ, ಅದನ್ನೂ ಅಲ್ಲೇ ಹೇಳಬೇಕು, ಒಂದೇ ಫೋನ್ ಮನೆಯವರೆಲ್ಲ ಬಳಸ್ತಾರೆ. ಮೊದಲೆಲ್ಲ ಅಬೊರಿಜಿನಲ್ ಧ್ವಜ ಹಾಕೋಕೂ ಲೈಸೆನ್ಸ್ ಬೇಕಿತ್ತು, ಹೆರಾಲ್ಡ್ ಥಾಮಸ್ 1971ರಲ್ಲಿ ಮಾಡಿದ ಆ ಧ್ವಜದ ಕಾಪಿರೈಟ್ 2022ರ ಜನವರಿಯಲ್ಲಿ ಸರ್ಕಾರದ ಕೈಗೆ ಬಂದು ಎಲ್ಲರಿಗೂ ಮುಕ್ತ ಆಯ್ತು. ಆದ್ರೆ ಧ್ವಜ ಹಾಕಿದ ಮಾತ್ರಕ್ಕೆ ಸೈಟ್ ಅವರದ್ದಾಗಲ್ಲ.

ಭಾಷೆ ಬಗ್ಗೆ ಒಂದು ಉದಾಹರಣೆ ಕೊಟ್ಟು ಬಿಡ್ತೀನಿ. ವಕೀಲರು ಬರೆದ ಪುಟದ ತಲೆಬರಹ ಅಸಂಪ್ಷನ್ ಆಫ್ ಕೇರ್ ಅಂತಿತ್ತು, ಅಂದ್ರೆ ಮಗೂನ ಇಲಾಖೆ ತನ್ನ ಸುಪರ್ದಿಗೆ ತಗೊಳ್ಳೋದು. ಆ ಪದಾನ ರಾತ್ರಿ ಹನ್ನೊಂದು ಗಂಟೆಗೆ ಅಳ್ತಾ ಕೂತಿರೋ ಅಮ್ಮ ಹುಡುಕ್ತಾಳಾ? ಅವಳು ಟೈಪ್ ಮಾಡೋದು ನನ್ನ ಮಕ್ಕಳನ್ನ ಕರ್ಕೊಂಡು ಹೋದ್ರು ಅಂತ. ಅವಳು ಟೈಪ್ ಮಾಡೋ ಮಾತೇ ತಲೆಬರಹ ಆಗಲಿ. ಕೆಳಗೆ ಮೊದಲ ಸಾಲು: ಮೂರು ವರ್ಕಿಂಗ್ ಡೇ ಒಳಗೆ ಇಲಾಖೆಯವರು ಚಿಲ್ಡ್ರನ್ಸ್ ಕೋರ್ಟಿಗೆ ಹೋಗಬೇಕು, ಈಗಲೇ ವಕೀಲರಿಗೆ ಫೋನ್ ಮಾಡಿ, ದುಡ್ಡು ಕೊಡಬೇಕಾಗಿಲ್ಲ. 1970ರಲ್ಲೇ ರೆಡ್‌ಫರ್ನ್‌ನಲ್ಲಿ ಅಬೊರಿಜಿನಲ್ ಲೀಗಲ್ ಸರ್ವೀಸ್ ಶುರುವಾಗಿದ್ದು, ಅವರದ್ದೇ ಜನ, ಅವರದ್ದೇ ವಕೀಲಿ ಸೇವೆ, ಆ ನಂಬರ್ ಮೇಲಿರಲಿ. ಉಳಿದ ಕಾನೂನೆಲ್ಲ ಆಮೇಲೆ, ಉಸಿರು ವಾಪಸ್ ಬಂದ್ಮೇಲೆ. ಹೆದರಿರೋ ಮನುಷ್ಯ ಓದಲ್ಲ.

ಕೊನೇದಾಗಿ ಚೈಲ್ಡ್‌ಕೇರಲ್ಲಿ, ಸ್ಕೂಲಲ್ಲಿ, ಆಸ್ಪತ್ರೇಲಿ ಕೆಲಸ ಮಾಡೋ ನಮ್ಮ ಹೆಣ್ಮಕ್ಕಳಿಗೆ ಒಂದು ಮಾತು, ನೀವು ಬಹಳ ಜನ ಇದೀರಿ. ಮಗು ಅಪಾಯದಲ್ಲಿದೆ ಅನ್ನಿಸಿದ್ರೆ ರಿಪೋರ್ಟ್ ಮಾಡೋದು ಇಲ್ಲಿ ಕಾನೂನಿನ ಪ್ರಕಾರ ನಿಮ್ಮ ಕರ್ತವ್ಯ, ಅದನ್ನ ಮಾಡಿ. ಆದ್ರೆ ಮಗೂನ ಇವತ್ತು ನ್ಯಾನ್ ಕರ್ಕೊಂಡು ಹೋದ್ರು, ನಿನ್ನೆ ಆಂಟಿ ಬಂದಿದ್ರು, ಅಮ್ಮ ಕಾಣಿಸ್ತಿಲ್ಲ ಅಂತ ಬರೆಯೋ ಮುಂಚೆ ನಿಮ್ಮ ದೊಡ್ಡಮ್ಮನ್ನ ಒಂದ್ಸಲ ನೆನೆಸ್ಕೊಳ್ಳಿ. ಮತ್ತೆ ನಾಳೆ ಬೆಳಗ್ಗೆ ನಿಮ್ಮ ಸೆಂಟರಿನ ಅಡ್ಮಿಷನ್ ಫಾರ್ಮ್ ತೆಗೆದು ನೋಡಿ, ತಾಯಿ ತಂದೆ ಅಂತ ಎರಡೇ ಗೆರೆ ಇದ್ರೆ ಮ್ಯಾನೇಜರಿಗೆ ಹೇಳಿ ಕೆಳಗೆ ಇನ್ನೂ ನಾಲ್ಕು ಗೆರೆ ಹಾಕಿಸಿ. ಐದು ನಿಮಿಷದ ಕೆಲಸ. ನಮಸ್ಕಾರ.