ಹುರಿಗಡಲೆಯ ಪೊಟ್ಟಣದಲ್ಲಿ ಸಿಕ್ಕ ಫ್ಯಾಂಟಮ್

[ದೃಶ್ಯ: ಮೇಜಿನ ಮೇಲೆ ಸುಕ್ಕುಗಟ್ಟಿದ ಬಣ್ಣದ ಹಾಳೆ. ಕ್ಯಾಮೆರಾ ನಿಧಾನವಾಗಿ ಅದರ ಎಡ ಮೂಲೆಯತ್ತ ಸರಿಯುತ್ತದೆ.]

ನಮಸ್ಕಾರ. ಈ ಮೂಲೆಯಲ್ಲಿರುವ ಕಂದು ಕಲೆಯನ್ನು ನೋಡಿ. ಬೆಲ್ಲದ್ದು. ವಯಸ್ಸು ನಲವತ್ತು ದಾಟಿದೆ. ಪಕ್ಕದಲ್ಲಿ ಅರ್ಧಚಂದ್ರದಂತೆ ತಿಂದುಹೋಗಿರುವುದು ಇರುವೆಗಳ ಕೆಲಸ. ಉಳಿದ ಜಾಗದಲ್ಲಿ ನೇರಳೆ ಬಣ್ಣದ ಮೈಯಂಟು ಉಡುಪಿನವನೊಬ್ಬ ಯಾರಿಗೋ ದವಡೆಗೆ ಬಾರಿಸುತ್ತಿದ್ದಾನೆ.

1984ರ ಬೇಸಿಗೆ, ಮಂಡ್ಯ. ನನಗೆ ಒಂಬತ್ತು ವರ್ಷ. ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಹುರಿಗಡಲೆ, ಅದರ ಮೇಲೊಂದು ಚೂರು ಬೆಲ್ಲ ಹಾಕಿಸಿಕೊಂಡು ತಿನ್ನುತ್ತ ಬರುತ್ತಿದ್ದೆ. ಕಡಲೆ ಮುಗಿಯಿತು. ಪೊಟ್ಟಣ ಬಿಡಿಸಿದೆ. ಅಲ್ಲಿಯವರೆಗೆ ಪೊಟ್ಟಣದಲ್ಲಿ ಕಂಡಿದ್ದೆಲ್ಲ ಯಾರದೋ ಲೆಕ್ಕದ ಪುಸ್ತಕ, ಮದುವೆಯ ಕರೆಯೋಲೆ, ಹಳೆಯ ಪಂಚಾಂಗ. ಇದು ಬೇರೆ. ಇದರಲ್ಲಿ ಜನ ಮಾತನಾಡುತ್ತಿದ್ದರು, ಅದೂ ಕನ್ನಡದಲ್ಲಿ.

ಬಂದ ದಾರಿಯಲ್ಲೇ ಓಡಿದೆ. ಅಂಗಡಿಯಲ್ಲಿ ತಕ್ಕಡಿಯ ಪಕ್ಕ ಅದೇ ಪುಸ್ತಕ ದಾರಕ್ಕೆ ನೇತಾಡುತ್ತಿತ್ತು, ಮುಖಪುಟವಿಲ್ಲದೆ, ಅರ್ಧ ಹರಿದು. ನಾಲ್ಕಾಣೆ ಕೊಟ್ಟರೆ ಉಳಿದದ್ದನ್ನು ಕೊಡುತ್ತೇನೆ ಎಂದರು. ಕೊಟ್ಟೆ. ಹೋದ ಹಾಳೆಗಳು ಎಲ್ಲಿ ಎಂದು ಕೇಳಿದೆ. ಅಂಗಡಿಯವರು ಬೀದಿಯತ್ತ ಕೈ ಬೀಸಿದರು: ‘ಒಂದರಲ್ಲಿ ಜೀರಿಗೆ ಹೋಯಿತು, ಒಂದರಲ್ಲಿ ಸಾಸಿವೆ. ಹುಡುಕಿಕೋ.’

ನಾನೂ ಅಣ್ಣನೂ ಹುಡುಕಿದೆವು. ಸಾಸಿವೆಯ ಹಾಳೆ ಮೂರನೆಯ ಮನೆಯ ಅಡುಗೆಮನೆಯಲ್ಲಿ, ಡಬ್ಬಿಯ ತಳಕ್ಕೆ ಹಾಸಿದ್ದು ಸಿಕ್ಕಿತು. ಜೀರಿಗೆಯದು ಒಲೆಗೆ ಹೋಗಿತ್ತು. ಕೊನೆಯ ಹಾಳೆಯ ಸುಳಿವೇ ಇರಲಿಲ್ಲ.

[ದೃಶ್ಯ: ಹಾಳೆಗಳ ಅಂಚು. ‘ಇಂದ್ರಜಾಲ ಕಾಮಿಕ್ಸ್’ ಎಂಬ ಅಕ್ಷರಗಳು.]

ನಮ್ಮ ಕೈಗೆ ಬಂದಿದ್ದು ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯ ಒಡೆತನ ಹೊಂದಿರುವ ಬೆನೆಟ್, ಕೋಲ್ಮನ್ ಸಂಸ್ಥೆ 1964ರ ಮಾರ್ಚ್‌ನಲ್ಲಿ ಆರಂಭಿಸಿದ ಮಾಲೆ, 1990ರಲ್ಲಿ ನಿಂತಿತು. ಇಂಗ್ಲಿಷ್, ಹಿಂದಿಗಳ ಜೊತೆಗೆ ಕನ್ನಡದಲ್ಲೂ ಬಂತು. ಆ ನೇರಳೆ ಉಡುಪಿನವನು ಹಿಂದಿಯ ಮಕ್ಕಳಿಗೆ ‘ವೇತಾಳ’, ಬಂಗಾಳಿಯ ಮಕ್ಕಳಿಗೆ ‘ಅರಣ್ಯದೇಬ್’. ನಮಗೆ ಫ್ಯಾಂಟಮ್. ಅಜ್ಜಿಯ ಬಾಯಲ್ಲಿ ಮಾತ್ರ ‘ಪ್ಯಾಂಟಪ್ಪ’. ಚಡ್ಡಿಯನ್ನು ಪ್ಯಾಂಟಿನ ಮೇಲೆ ಹಾಕಿಕೊಂಡವನಿಗೆ ಅದಕ್ಕಿಂತ ಒಳ್ಳೆಯ ಹೆಸರನ್ನು ನಾನು ಇದುವರೆಗೂ ಕೇಳಿಲ್ಲ.

ಅವನನ್ನು ಸೃಷ್ಟಿಸಿದವರು ಅಮೆರಿಕದ ಲೀ ಫಾಕ್. ಜಾದೂಗಾರ ಮ್ಯಾಂಡ್ರೇಕ್ ಕೂಡ ಅವರದೇ. ಫ್ಯಾಂಟಮ್ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿದ್ದು 1936ರ ಫೆಬ್ರವರಿ 17ರಂದು, ಅಂದರೆ ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮೊದಲು. ಹಾರಲು ಬಾರದು, ಗುಂಡು ತಾಗಿದರೆ ರಕ್ತ ಬರುತ್ತದೆ. ಅವನ ಬಂಡವಾಳವೆಲ್ಲ ಒಂದು ವದಂತಿ: ಇವನಿಗೆ ಸಾವಿಲ್ಲ.

ಆ ವದಂತಿಯ ಹಿಂದಿನ ಗುಟ್ಟು ಓದುಗನಿಗೆ ಗೊತ್ತು, ಕಾಡಿಗೆ ಗೊತ್ತಿಲ್ಲ. ನಾನ್ನೂರು ವರ್ಷಗಳ ಹಿಂದೆ ಕಡಲ್ಗಳ್ಳರ ದಾಳಿಯಲ್ಲಿ ತಂದೆಯನ್ನು ಕಳೆದುಕೊಂಡ ಯುವಕನೊಬ್ಬ ದಡ ಸೇರುತ್ತಾನೆ. ಬಾಂಡಾರ್ ಎಂಬ ಕುಳ್ಳರ ಬುಡಕಟ್ಟು ಅವನನ್ನು ಉಳಿಸುತ್ತದೆ. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು ಅವನು ಶಪಥ ಮಾಡುತ್ತಾನೆ. ಅವನು ಸತ್ತಾಗ ಮಗ ಅದೇ ಮುಖವಾಡ ಧರಿಸುತ್ತಾನೆ, ಅವನ ನಂತರ ಅವನ ಮಗ. ನಾವು ಓದುತ್ತಿದ್ದುದು 21ನೆಯವನ ಕಥೆ. ಹೊರಗಿನವರಿಗೆ ಮಾತ್ರ ಅದೇ ಒಬ್ಬ, ನಡೆದಾಡುವ ಭೂತ.

ಈಗ ನಮ್ಮ ಅಣ್ಣನ ಸಂಶೋಧನೆಗೆ ಬರುತ್ತೇನೆ.

[ದೃಶ್ಯ: ಪರದೆ ಇಬ್ಭಾಗವಾಗುತ್ತದೆ. ಎಡಕ್ಕೆ ದಪ್ಪ ಗೆರೆಗಳ ಸರಳ ಮುಖ, ಬಲಕ್ಕೆ ನೆರಳು ತುಂಬಿದ ಮುಖ. ಎರಡೂ ನಮ್ಮ ಕಲಾವಿದರು ಬರೆದ ಮಾದರಿ ಚಿತ್ರಗಳು.]

ಆ ಬೇಸಿಗೆ ಮುಗಿಯುವಷ್ಟರಲ್ಲಿ ಕೇಳಿ, ಬೇಡಿ, ಗೋಲಿ ಕೊಟ್ಟು ಹನ್ನೊಂದು ಹಳೆಯ ಪುಸ್ತಕಗಳನ್ನು ಗುಡ್ಡೆ ಹಾಕಿದ್ದೆವು. ಏಳನೆಯ ತರಗತಿಯಲ್ಲಿದ್ದ ಅಣ್ಣ ಅವನ್ನು ಜಗುಲಿಯ ಮೇಲೆ ಹರಡಿಕೊಂಡು ಒಂದು ಮಧ್ಯಾಹ್ನವೆಲ್ಲ ಕುಳಿತಿದ್ದ. ಕೆಲವದರಲ್ಲಿ ಫ್ಯಾಂಟಮ್‌ನ ಮುಖ ಚಪ್ಪಟೆ, ಗೆರೆ ದಪ್ಪ, ನಿಂತರೆ ಬೊಂಬೆ ನಿಂತಂತೆ. ಇನ್ನು ಕೆಲವದರಲ್ಲಿ ಮೈಕಟ್ಟು ಬೇರೆ, ದವಡೆ ಬೇರೆ, ಮುಖದ ಅರ್ಧಕ್ಕೆ ನೆರಳು. ಸಂಜೆ ತೀರ್ಪು ಬಂತು: ‘ಇವನು ಅಪ್ಪ, ಇವನು ಮಗ. ಅಪ್ಪ ಸತ್ತಿದ್ದಾನೆ. ಪುಸ್ತಕದವರು ನಮಗೆ ಹೇಳಿಲ್ಲ.’

ನಾನು ಅತ್ತೆ. ನಿಜವಾಗಿಯೂ ಅತ್ತೆ.

ಸತ್ತಿದ್ದು ಒಬ್ಬ ಚಿತ್ರಕಾರ ಎಂಬುದು ನನಗೆ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು. ಮೊದಲು ಫ್ಯಾಂಟಮ್‌ಗೆ ರೂಪ ಕೊಟ್ಟವರು ರೇ ಮೂರ್. 1940ರ ದಶಕದಲ್ಲಿ ಕುಂಚ ವಿಲ್ಸನ್ ಮೆಕಾಯ್ ಅವರ ಕೈಗೆ ಬಂತು. ಆ ದಪ್ಪ ಗೆರೆಗಳು ಅವರವು. 1961ರಲ್ಲಿ ಮೆಕಾಯ್ ತೀರಿಕೊಂಡ ಮೇಲೆ ಬಂದವರು ಸೈ ಬ್ಯಾರಿ, ಆ ನೆರಳು ಬೆಳಕಿನವರು, 1994ರವರೆಗೂ ಬರೆದರು. ಇಂದ್ರಜಾಲದವರು ಇಬ್ಬರ ಕಥೆಗಳನ್ನೂ ಅಚ್ಚು ಹಾಕುತ್ತಿದ್ದುದರಿಂದ ‘ಅಪ್ಪ’ ಮತ್ತು ‘ಮಗ’ ಒಂದೇ ಗುಡ್ಡೆಯಲ್ಲಿದ್ದರು. ಒಬ್ಬರು ಹೋದರೆ ಇನ್ನೊಬ್ಬರು ಅದೇ ಮುಖವಾಡವನ್ನು ಎತ್ತಿಕೊಂಡು, ಓದುಗನಿಗೆ ಒಂದು ಮಾತೂ ಹೇಳದೆ ಮುಂದುವರಿಯುವುದು. ಅಣ್ಣ ಹೆಸರುಗಳನ್ನು ತಪ್ಪಿದ್ದ, ವಿಷಯವನ್ನಲ್ಲ.

ಭೂಗೋಳದಲ್ಲಿ ಮಾತ್ರ ನಾವಿಬ್ಬರೂ ಪೂರ್ತಿ ತಪ್ಪಿದೆವು. ಮೂಲದಲ್ಲಿ ಫ್ಯಾಂಟಮ್‌ನ ನಾಡು ‘ಬೆಂಗಾಲ’. ಮೊದಲು ಏಷ್ಯಾದ ಕಡೆಗಿದ್ದ ಅದನ್ನು ಲೀ ಫಾಕ್ ಆಮೇಲೆ ಆಫ್ರಿಕಾಕ್ಕೆ ಸಾಗಿಸಿಬಿಟ್ಟರು. ಭಾರತದಲ್ಲಿ ಆ ಹೆಸರು ಬಂಗಾಳವನ್ನು ನೆನಪಿಸುತ್ತದೆಂದು ಇಂದ್ರಜಾಲದಲ್ಲಿ ಅದು ‘ಡೆಂಕಾಲಿ’ ಆಯಿತು. ಕಡಲ್ಗಳ್ಳರ ‘ಸಿಂಗ್’ ಪಂಗಡ ‘ಸಿಂಗಾ’ ಆಯಿತು. ನಮಗೆ ಇದೆಲ್ಲ ಎಲ್ಲಿ ಗೊತ್ತು? ಬೆಲ್ಲದ ಲಾರಿ ಓಡಿಸುತ್ತಿದ್ದ ನಮ್ಮ ಮಾವ ಹೊಸೂರಿನ ಆಚೆ ಡೆಂಕಣಿಕೋಟೆಗೆ ಹೋಗಿಬರುತ್ತಿದ್ದರು. ಅಲ್ಲಿ ಕಾಡಿದೆ, ಆನೆಗಳಿವೆ ಎನ್ನುತ್ತಿದ್ದರು. ಡೆಂಕಾಲಿ, ಡೆಂಕಣಿಕೋಟೆ. ಇನ್ನೇನು ಬೇಕು? ಫ್ಯಾಂಟಮ್‌ನ ಬಿಳಿ ಕುದುರೆ ಕಂಡಿತೇ ಎಂದು ಮಾವನನ್ನು ಪ್ರತಿ ಸಲವೂ ಕೇಳುತ್ತಿದ್ದೆ. ‘ಹೋಟೆಲಿನ ಮುಂದೆ ಕಟ್ಟಿತ್ತು’ ಎಂದು ಅವರೂ ಹೇಳಿಬಿಟ್ಟರು.

ಬಣ್ಣದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ದಿನಪತ್ರಿಕೆಯಲ್ಲಿ ಬರುತ್ತಿದ್ದ ಚಿತ್ರಕಥೆಯ ಪಟ್ಟಿಗಳು ಕಪ್ಪು ಬಿಳುಪಿನವು. ಲೀ ಫಾಕ್ ಮನಸ್ಸಿನಲ್ಲಿದ್ದ ಬಣ್ಣ ಬೂದು. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂದಾಗ ಅಚ್ಚಾಗಿದ್ದು ನೇರಳೆ, ಅದೇ ಉಳಿಯಿತು. ಸ್ವೀಡನ್ನಿನಲ್ಲಿ ಅವನು ನೀಲಿ, ಇಟಲಿಯಲ್ಲಿ ಕೆಂಪು. ಮುಖವಾಡದಲ್ಲಿ ಕಣ್ಣುಗುಡ್ಡೆ ಕಾಣದಿರುವುದಕ್ಕೆ ಕಾರಣ ಗುಡ್ಡೆಯಿಲ್ಲದ ಗ್ರೀಕ್ ಶಿಲ್ಪಗಳು.

[ದೃಶ್ಯ: ಎರಡು ಉಂಗುರಗಳು, ಹತ್ತಿರದಿಂದ.]

ಉಂಗುರಗಳಿಗೆ ಮಾತ್ರ ಸಮಯ ಕೊಡಲೇಬೇಕು. ಅನೇಕರಿಗೆ ತಲೆಬುರುಡೆಯ ಉಂಗುರವಷ್ಟೇ ನೆನಪು. ಎರಡಿವೆ. ಬಲಗೈಯದು ತಲೆಬುರುಡೆ, ಗುದ್ದಿದರೆ ದುಷ್ಟನ ದವಡೆಯ ಮೇಲೆ ಅಳಿಸಲಾಗದ ಗುರುತು. ಎಡಗೈಯದು ಒಳ್ಳೆಯ ಗುರುತು. ಅದನ್ನು ಪಡೆದವನು ಫ್ಯಾಂಟಮ್‌ನ ರಕ್ಷಣೆಯಲ್ಲಿದ್ದಾನೆ ಎಂದರ್ಥ.

ನಮಗೆ ಬೇಕಾಗಿದ್ದು ಅಳಿಸಲಾಗದ್ದು. ಅಣ್ಣ ಆಲೂಗಡ್ಡೆಯನ್ನು ಅರ್ಧಕ್ಕೆ ಕತ್ತರಿಸಿ ಬ್ಲೇಡಿನಿಂದ ತಲೆಬುರುಡೆ ಕೆತ್ತಿದ. ಮೂಗಿನ ಜಾಗಕ್ಕೆ ಪೆನ್ಸಿಲ್ ಮೊನೆಯಿಂದ ತೂತು. ಪೆನ್ನಿನ ಶಾಯಿ ಹಚ್ಚಿ ನೋಡಿದೆವು, ಬೆವರಿಗೆ ಇಳಿದುಹೋಯಿತು. ಆಗ ಅಣ್ಣನಿಗೆ ನೆನಪಾಗಿದ್ದು ಗೇರುಕಾಯಿ, ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು. ಎಷ್ಟು ಒಗೆದರೂ ಹೋಗದ ಕಪ್ಪು. ಎಲ್ಲಿಂದ ತಂದನೋ, ಸೂಜಿಯಿಂದ ಚುಚ್ಚಿ ರಸವನ್ನು ಆಲೂಗಡ್ಡೆಗೆ ಸವರಿದ. ದುಷ್ಟನ ಪಾತ್ರ ನನ್ನದು. ಎಂದಿನಂತೆ.

ಆ ರಸ ಬಟ್ಟೆಯನ್ನು ಕಪ್ಪಾಗಿಸುತ್ತದೆ, ಚರ್ಮವನ್ನು ಸುಡುತ್ತದೆ. ಮಾರನೆಯ ಬೆಳಗ್ಗೆ ದವಡೆಯ ಮೇಲೆ ನೀರುಗುಳ್ಳೆಗಳು ಸಾಲುಗಟ್ಟಿದ್ದವು, ಬಲಗಣ್ಣು ಊದಿತ್ತು. ಅಮ್ಮ ಕೊಬ್ಬರಿ ಎಣ್ಣೆ ಸವರುತ್ತ ಅಣ್ಣನಿಗೆ ಬಯ್ಯುತ್ತಿದ್ದರೆ ನಾನು ಕನ್ನಡಿ ಕೇಳುತ್ತಿದ್ದೆ. ತಲೆಬುರುಡೆ ಮೂಡಿದೆಯೇ ಎಂದು ನೋಡಬೇಕಿತ್ತು. ಮೂಡಿರಲಿಲ್ಲ. ಹೂಕೋಸಿನಂತಿತ್ತು. ದಯವಿಟ್ಟು ಯಾರೂ ಇದನ್ನು ಮಾಡಬೇಡಿ.

ದೊಡ್ಡವನಾದ ಮೇಲೆ ಆ ಪುಸ್ತಕಗಳನ್ನು ಓದುವಾಗ ಕಿರಿಕಿರಿಯೂ ಆಗುತ್ತದೆ. ತಮ್ಮ ಕಾಡನ್ನು ತಾವೇ ನೋಡಿಕೊಳ್ಳಬಲ್ಲ ಜನಕ್ಕೆ ಇಪ್ಪತ್ತೊಂದು ತಲೆಮಾರು ಬಿಳಿಯ ಕಾವಲುಗಾರನೇ ಏಕೆ? ಬಾಂಡಾರರ ಮುಖಂಡ ಗುರಾನ್ ಅಷ್ಟು ಬುದ್ಧಿವಂತ, ಅವನಿಗೇಕೆ ಸಿಂಹಾಸನವಿಲ್ಲ? ಆ ಪ್ರಶ್ನೆ ಇಟ್ಟುಕೊಂಡೇ ಓದುತ್ತೇನೆ, ಓದುವುದನ್ನಂತೂ ಬಿಟ್ಟಿಲ್ಲ.

[ದೃಶ್ಯ: ಮೈಸೂರಿನ ರಸ್ತೆ, ಹಳೆಯ ಪುಸ್ತಕಗಳ ರಾಶಿ.]

ಕೊನೆಯ ಹಾಳೆ ಬಾಕಿಯಿತ್ತಲ್ಲ. ನಮ್ಮಲ್ಲಿದ್ದ ಕಡೆಯ ಚಿತ್ರದಲ್ಲಿ ಫ್ಯಾಂಟಮ್ ‘ಹೀರೋ’ ಎಂಬ ತನ್ನ ಕುದುರೆಯ ಮೇಲೆ ಕುಳಿತು ಕಾಡಿನತ್ತ ತಿರುಗಿದ್ದ, ಹಿಂದೆ ಡೆವಿಲ್ ಎಂಬ ತೋಳ. ಮುಂದೇನಾಯಿತು? ಗುಹೆಯಲ್ಲಿ ಶತ್ರು ಹೊಂಚು ಹಾಕಿದ್ದಾನೆ ಎಂದು ಅಣ್ಣ. ಅವನ ಪ್ರೇಯಸಿ ಡಯಾನಾಳ ಪತ್ರ ಬಂದಿದೆ ಎಂದು ನಾನು. ಎಷ್ಟೋ ರಾತ್ರಿ ಜಗಳವಾಡಿದ್ದೇವೆ.

ಕೆಲಸ ಸಿಕ್ಕಿ ಮೈಸೂರಿಗೆ ಬಂದ ಮೇಲೆ ಒಂದು ಹಳೆಯ ಪುಸ್ತಕದ ಅಂಗಡಿಯಲ್ಲಿ ರಾಶಿ ಕೆದಕುತ್ತಿದ್ದಾಗ ಸಾಸಿವೆಯ ಹಾಳೆಯ ಚಿತ್ರ ಕಣ್ಣಿಗೆ ಬಿತ್ತು. ಇಂಗ್ಲಿಷ್ ಪ್ರತಿ, ಪೂರ್ತಿ ಇತ್ತು. ಅಂಗಡಿಯಲ್ಲೇ ನಿಂತು ಪುಟ ತಿರುಗಿಸಿದೆ. ಕುದುರೆ, ಕಾಡು, ತೋಳ. ಅದರ ಕೆಳಗೆ, ನಮ್ಮ ಹಾಳೆಯಲ್ಲಿ ಬೆಲ್ಲದ ಕಲೆ ಮುಚ್ಚಿದ್ದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ‘ಮುಗಿಯಿತು’ ಎಂಬರ್ಥದ ಪದ.

ಮುಂದಿನ ಹಾಳೆಯಲ್ಲಿದ್ದುದು ಬಿಸ್ಕತ್ತಿನ ಜಾಹೀರಾತು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅದು ಇಂಗ್ಲಿಷಿನದು’ ಎಂದ. ‘ಕನ್ನಡದ್ದರಲ್ಲಿ ಗುಹೆಯಲ್ಲಿ ಶತ್ರು ಇದ್ದ.’