ಪೀಠದ ಕೆಳಗಿನ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಮುಂದೆ ಮೇಜಿನ ಮೇಲೆ ಒಂದು ಪುಟ್ಟ ಶಿಲ್ಪ ಇದೆ. ಎತ್ತರ 15 ಸೆಂಟಿಮೀಟರ್. ಒಬ್ಬ ಅಜ್ಜಿ ಕುಕ್ಕರಗಾಲಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ಒಂದು ಕಣ್ಣು ಅರ್ಧ ಮುಚ್ಚಿದೆ, ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕುತ್ತಿದೆ. ಈ ಅಜ್ಜಿಯನ್ನು ಮಾಡಿದ ಕಲಾವಿದೆ ಮಣ್ಣು ಕಲಸಿಲ್ಲ, ಉಳಿ ಹಿಡಿದಿಲ್ಲ. ಕಂಪ್ಯೂಟರಿನಲ್ಲಿ, ಡಿಜಿಟಲ್ ಪೆನ್ನು ಹಿಡಿದು, ತಿಂಗಳುಗಟ್ಟಲೆ ತಿದ್ದಿ ತೀಡಿ ಮಾಡಿದ್ದಾರೆ. ಝಡ್‌ಬ್ರಷ್, ಬ್ಲೆಂಡರ್ ಇಂಥ ಸಾಫ್ಟ್‌ವೇರ್‌ಗಳಲ್ಲಿ ಹೀಗೆ ಶಿಲ್ಪ ಮಾಡುವವರು ಈಗ ಬಹಳ ಜನ ಇದ್ದಾರೆ. ಅಂಥ ಶಿಲ್ಪಗಳನ್ನು ತ್ರೀಡಿ ಪ್ರಿಂಟರ್ ಎಂಬ ಯಂತ್ರದಲ್ಲಿ ಪ್ರಿಂಟ್ ಮಾಡಿ, ಅಂದರೆ ಕೈಗೆ ಸಿಗುವ ವಸ್ತುವಾಗಿಸಿ, ಮಾರುವುದು ನನ್ನ ಕೆಲಸ. ಇವತ್ತು ಆ ಕಸುಬಿನ ಬಗ್ಗೆ ನಾಲ್ಕು ಮಾತು.

ತ್ರೀಡಿ ಪ್ರಿಂಟಿಂಗ್ ನಿನ್ನೆ ಮೊನ್ನೆಯದಲ್ಲ. ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವದಿಂದ ಪದರ ಪದರವಾಗಿ ವಸ್ತು ಕಟ್ಟುವ ವಿಧಾನಕ್ಕೆ ಅಮೆರಿಕದ ಇಂಜಿನಿಯರ್ ಚಕ್ ಹಲ್ ಅವರಿಗೆ 1986ರಲ್ಲೇ ಪೇಟೆಂಟ್ ಸಿಕ್ಕಿತ್ತು. ಅದೇ ತತ್ವ ಈಗ ಮೇಜಿನ ಮೇಲೆ ಇಡುವಷ್ಟು ಚಿಕ್ಕ ಯಂತ್ರಕ್ಕೆ ಇಳಿದಿದೆ. ಒಂದು ತೊಟ್ಟಿಯಲ್ಲಿ ರೆಸಿನ್ ಎಂಬ ಅಂಟು ದ್ರವ. ಅದರ ಕೆಳಗೆ ಎಲ್‌ಸಿಡಿ ಪರದೆ. ಪರದೆ ಎಲ್ಲಿ ಬೆಳಕು ಬಿಡುತ್ತದೋ ಅಲ್ಲಿ ಮಾತ್ರ ರೆಸಿನ್ ಗಟ್ಟಿಯಾಗುತ್ತದೆ. ಒಂದೊಂದು ಪದರ 0.05 ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಳ್ಳಿ. ಈ ಅಜ್ಜಿಗೆ 3000 ಪದರ ಬೇಕು. ಪದರಕ್ಕೆ 8 ಸೆಕೆಂಡ್ ಹಿಡಿದರೂ ಆರೂವರೆ ಗಂಟೆ ದಾಟುತ್ತದೆ.

ಇಲ್ಲೊಂದು ಗಮ್ಮತ್ತು ಇದೆ. ಇಡೀ ಪದರ ಒಟ್ಟಿಗೆ ಗಟ್ಟಿಯಾಗುವುದರಿಂದ, ಯಂತ್ರದಲ್ಲಿ ಶಿಲ್ಪ ಅಂಟಿಕೊಂಡು ಬೆಳೆಯುವ ತಟ್ಟೆಯ ಮೇಲೆ ಒಬ್ಬ ಅಜ್ಜಿ ಇದ್ದರೂ ಅದೇ ಸಮಯ, ಆರು ಅಜ್ಜಿಯರು ಇದ್ದರೂ ಅದೇ ಸಮಯ. ಇದನ್ನು ಕೇಳಿದ ತಕ್ಷಣ ಹೊಸಬರ ಕಣ್ಣು ಅರಳುತ್ತದೆ. ರಾತ್ರಿ ಯಂತ್ರ ಹಾಕಿ ಮಲಗಿದರೆ ಬೆಳಿಗ್ಗೆ ಆರು ಶಿಲ್ಪ ರೆಡಿ, ಅಲ್ವಾ?

ರೆಡಿ ಆಗಿರುವುದಿಲ್ಲ. ಯಂತ್ರ ನಿಂತ ಮೇಲೆಯೇ ನಿಜವಾದ ಕೆಲಸ. ಕೈಗವಸು ಹಾಕಿಕೊಂಡೇ ಮುಟ್ಟಬೇಕು, ಹಸಿ ರೆಸಿನ್ ಚರ್ಮಕ್ಕೆ ಒಳ್ಳೆಯದಲ್ಲ. ಆಲ್ಕೋಹಾಲಿನಲ್ಲಿ ತೊಳೆಯಬೇಕು. ಗಾಳಿಯಲ್ಲಿ ತೇಲುವ ಭಾಗಗಳು ಬೀಳದಿರಲಿ ಅಂತ ಕೊಟ್ಟ ಸಪೋರ್ಟ್ ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಬೇಕು. ಅಜ್ಜಿಯ ಗಲ್ಲದ ಕೆಳಗಿನ ಕಡ್ಡಿ ಕೀಳುವಾಗ ನಾನು ಉಸಿರು ಹಿಡಿದಿರುತ್ತೇನೆ. ಸ್ವಲ್ಪ ಜಾಸ್ತಿ ಎಳೆದರೆ ಅಲ್ಲೊಂದು ಗುಳಿ ಬೀಳುತ್ತದೆ, ಅದು ಗಾಯದ ಹಾಗೆ ಕಾಣುತ್ತದೆ. ಆಮೇಲೆ ಆ ಜಾಗವನ್ನು ನುಣ್ಣಗೆ ಉಜ್ಜಿ, ನೇರಳಾತೀತ ಬೆಳಕಿನಲ್ಲಿ ಇಟ್ಟು ಪೂರ್ತಿ ಗಟ್ಟಿ ಮಾಡಬೇಕು. ಯಂತ್ರದ ಸಮಯ ಆರು ಜನಕ್ಕೂ ಸೇರಿ ಒಂದೇ. ಕೈಯ ಸಮಯ ಮಾತ್ರ ಒಬ್ಬೊಬ್ಬರಿಗೂ ಬೇರೆ ಬೇರೆ. ಬೆಲೆ ಕಟ್ಟುವಾಗ ರೆಸಿನ್ನಿನ ಖರ್ಚನ್ನಷ್ಟೇ ಲೆಕ್ಕ ಹಾಕಿ, ಕೈಗೆಲಸವನ್ನೂ ಹಾಳಾದ ಪ್ರಿಂಟುಗಳನ್ನೂ ಮರೆತರೆ ಕಸುಬು ಬಹಳ ದಿನ ನಿಲ್ಲುವುದಿಲ್ಲ.

ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ರೆಸಿನ್ ಉಳಿಸಲು ಶಿಲ್ಪದ ಒಳಗನ್ನು ಟೊಳ್ಳು ಮಾಡುತ್ತೇವೆ. ಒಳಗೆ ಉಳಿದ ದ್ರವ ಹೊರಗೆ ಬರಲು ಪೀಠದ ಕೆಳಗೆ ತೂತು ಬಿಡಬೇಕು. ನಾನು ಒಂದೇ ಒಂದು ಸಣ್ಣ ತೂತು ಬಿಟ್ಟಿದ್ದೆ, ಒಳಗೆ ಸರಿಯಾಗಿ ತೊಳೆಯಲೂ ಇಲ್ಲ. ಹೊರಗಿನಿಂದ ನೋಡಿದರೆ ಶಿಲ್ಪ ಚೆಂದವೋ ಚೆಂದ. ಕೆಲವು ವಾರ ಕಳೆದ ಮೇಲೆ ಕೊಂಡವರು ಫೋಟೋ ಕಳಿಸಿದರು. ಅಜ್ಜಿಯ ಬೆನ್ನು ಉದ್ದಕ್ಕೆ ಬಿರುಕು ಬಿಟ್ಟು, ಒಳಗಿಂದ ಅಂಟು ಒಸರುತ್ತಿತ್ತು. ಹಣ ವಾಪಸ್ ಕೊಟ್ಟೆ, ಹೊಸದನ್ನೂ ಕಳಿಸಿದೆ. ಆದರೂ ಆ ಫೋಟೋ ಮನಸ್ಸಿನಿಂದ ಹೋಗಿಲ್ಲ. ಆ ಅಜ್ಜಿ ನನ್ನವಳಲ್ಲ, ಇನ್ನೊಬ್ಬರು ಪ್ರೀತಿಯಿಂದ ಮಾಡಿದವಳು. ಅವರ ಕೆಲಸವನ್ನು ನನ್ನ ಅವಸರ ಒಡೆದಿತ್ತು. ಈಗ ಎರಡು ತೂತು ಬಿಡುತ್ತೇನೆ, ಒಂದು ದ್ರವ ಹೊರಬರಲು, ಇನ್ನೊಂದು ಗಾಳಿ ಒಳಹೋಗಲು. ಒಳಗನ್ನೂ ತೊಳೆದು, ಒಣಗಿಸಿ, ಅಲ್ಲಿಗೂ ಬೆಳಕು ತೋರಿಸುತ್ತೇನೆ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಕಲಾವಿದರಿಂದ ಶಿಲ್ಪದ ಕಂಪ್ಯೂಟರ್ ಫೈಲ್ ಕೊಂಡುಕೊಂಡ ಮಾತ್ರಕ್ಕೆ ಅದರ ಪ್ರಿಂಟ್ ಮಾರುವ ಹಕ್ಕು ಬರುವುದಿಲ್ಲ. ಸಾಮಾನ್ಯವಾಗಿ ಆ ಹಣ ನಿಮ್ಮ ಸ್ವಂತ ಬಳಕೆಗೆ ಮಾತ್ರ. ಮಾರಲು ಕಲಾವಿದರಿಂದ ಬೇರೆ ಲೈಸೆನ್ಸ್ ಪಡೆಯಬೇಕು. ಕೆಲವರು ತಿಂಗಳ ಚಂದಾ ಕೇಳುತ್ತಾರೆ. ಅಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಚಂದಾ ನಿಂತರೆ ಮಾರುವ ಹಕ್ಕೂ ನಿಲ್ಲುತ್ತದೆ. ಉಚಿತವಾಗಿ ಸಿಗುವ ಫೈಲ್‌ಗಳಿಗೂ ಷರತ್ತು ಇರುತ್ತದೆ. ಷರತ್ತಿನ ಮೇಲೆ ಕೃತಿಯನ್ನು ಎಲ್ಲರಿಗೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ 'ಎನ್‌ಸಿ' ಅಂತ ಎರಡು ಅಕ್ಷರ ಕಂಡರೆ ವ್ಯಾಪಾರಕ್ಕೆ ಬಳಸುವಂತಿಲ್ಲ ಅಂತಲೇ ಅರ್ಥ. ಏನೂ ಬರೆದಿಲ್ಲ ಅಂದರೆ ಬಿಟ್ಟಿ ಅಂತ ಅಲ್ಲ. ಕೃತಿಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲೆಲ್ಲ ಕೃತಿಯ ಹಕ್ಕು ಯಾವ ನೋಂದಣಿಯೂ ಇಲ್ಲದೆ ಮಾಡಿದವರಿಗೇ ಸೇರುತ್ತದೆ.

ಸಿನಿಮಾ, ಗೇಮ್‌ಗಳ ಪಾತ್ರಗಳನ್ನು ಅಭಿಮಾನಿ ಕಲಾವಿದರು ಎಷ್ಟೇ ಸೊಗಸಾಗಿ ಮಾಡಿರಲಿ, ನಾನು ಮಾರಲು ಹೋಗುವುದಿಲ್ಲ. ಆ ಪಾತ್ರ ಕಲಾವಿದರದ್ದೇ ಅಲ್ಲ. ತಮ್ಮದಲ್ಲದ್ದಕ್ಕೆ ಅವರು ಹೇಗೆ ಅನುಮತಿ ಕೊಡುತ್ತಾರೆ?

ತಿಂಗಳ ಚಂದಾಗಿಂತ, ಮಾರಾಟವಾದ ಒಂದೊಂದಕ್ಕೂ ಇಷ್ಟು ಪಾಲು ಅನ್ನುವ ಒಪ್ಪಂದ ನನಗೆ ಇಷ್ಟ. ಒಂದು ಪುಸ್ತಕದಲ್ಲಿ ಎಷ್ಟು ಪ್ರಿಂಟ್ ಆಯಿತು, ಎಷ್ಟು ಹಾಳಾಯಿತು, ಎಷ್ಟು ಹೋಯಿತು ಅಂತ ಬರೆದಿಡುತ್ತೇನೆ. ಕಲಾವಿದರು ಯಾವಾಗ ಕೇಳಿದರೂ ತೋರಿಸುತ್ತೇನೆ. ಎಲ್ಲವೂ ಬರಹದಲ್ಲಿ ಇರಬೇಕು. ಎಷ್ಟು ಎತ್ತರ, ಬಣ್ಣ ಹಚ್ಚಬಹುದಾ, ಪೀಠದ ಕೆಳಗೆ ಯಾರ ಹೆಸರು. ಹೆಸರಿನ ವಿಷಯದಲ್ಲಿ ನಾನು ಹಟಮಾರಿ. ಪ್ರತಿ ಪೀಠದ ಕೆಳಗೂ ಕಲಾವಿದರ ಹೆಸರು ಇದ್ದೇ ಇರುತ್ತದೆ. ನನ್ನ ಹೆಸರು ಡಬ್ಬದ ಮೇಲೆ ಇದ್ದರೆ ಸಾಕು.

ಮೊದಲ ಪ್ರಿಂಟ್ ಯಾವಾಗಲೂ ಶಿಲ್ಪ ಮಾಡಿದ ಕಲಾವಿದರಿಗೇ ಹೋಗುತ್ತದೆ. ಈ ಅಜ್ಜಿಯ ಫೈಲಿನಲ್ಲಿ ಸೂಜಿ ಕೂದಲೆಳೆಯಷ್ಟು ಸಪೂರ ಇತ್ತು. ಪರದೆಯ ಮೇಲೆ ಏನೂ ಮುರಿಯುವುದಿಲ್ಲ, ಕೈಯಲ್ಲಿ ಮುರಿಯುತ್ತದೆ. ನಾನು ಸುಮ್ನೆ ದಪ್ಪ ಮಾಡಿಬಿಡಬಹುದಿತ್ತು. ಮಾಡಲಿಲ್ಲ. ಮುರಿದ ಸೂಜಿಯ ಜೊತೆಗೇ ಶಿಲ್ಪವನ್ನು ಕಲಾವಿದೆಗೆ ಕಳಿಸಿ, ಏನು ಮಾಡೋಣ ಅಂತ ಕೇಳಿದೆ. ತನ್ನ ಶಿಲ್ಪವನ್ನು ಅವರು ಕೈಯಿಂದ ಮುಟ್ಟಿದ್ದು ಅದೇ ಮೊದಲ ಸಲ. ಒಂದು ವಾರ ಬಿಟ್ಟು ಹೊಸ ಫೈಲ್ ಬಂತು. ಸೂಜಿ ದಪ್ಪ ಆಗಿರಲಿಲ್ಲ. ಅದನ್ನು ಅಜ್ಜಿಯ ತೋರುಬೆರಳಿಗೆ ಉದ್ದಕ್ಕೂ ಒರಗಿಸಿದ್ದರು, ತುದಿ ಮಾತ್ರ ಅಕ್ಕಿಕಾಳಿನಷ್ಟು ಹೊರಗೆ. ನಮ್ಮ ಮನೆಯ ಹಿರಿಯರೂ ಹಾಗೇ ಹಿಡಿಯುತ್ತಿದ್ದರು ಅಂತ ಬರೆದಿದ್ದರು. ಆಮೇಲೆ ಒಂದು ಸೂಜಿಯೂ ಮುರಿದಿಲ್ಲ.

ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.