ಬೀಡು ಕಬ್ಬಿಣಕ್ಕೆ ಬಡಗಿಯ ಬೆಣೆ

ಕೇಳುಗರಿಗೆ ನಮಸ್ಕಾರ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದ ಮೇಲೆ, ನಮ್ಮ ಕಡೆಯವರು ಯಾವ ಸೇತುವೆ ಕಂಡರೂ ಒಮ್ಮೆ ಅಡಿಗೆ ಇಣುಕುತ್ತಾರೆ. ಇಣುಕಲಿ, ಸೇತುವೆಯ ಜಾತಕ ಇರುವುದೇ ಅಲ್ಲಿ. ಹಾಗೆ ಅಡಿಯಿಂದಲೇ ನೋಡಬೇಕಾದ ಸೇತುವೆಯೊಂದು ಇಂಗ್ಲೆಂಡಿನ ಸೆವರ್ನ್ ನದಿಯ ಮೇಲಿದೆ, ಹೆಸರೇ ಐರನ್ ಬ್ರಿಜ್. 1779ರಲ್ಲಿ ಎದ್ದು ನಿಂತ, ಜಗತ್ತಿನ ಮೊದಲ ದೊಡ್ಡ ಬೀಡು ಕಬ್ಬಿಣದ, ಅಂದರೆ ಅಚ್ಚಿಗೆ ಎರಕ ಹೊಯ್ದ ಕಬ್ಬಿಣದ ಸೇತುವೆ ಅದು.

ಮಳೆಗಾಲದಲ್ಲಿ ನಾವು ಹಳ್ಳಕ್ಕೆ ಹಾಕುವ ಅಡಕೆ ಮರದ ಸಂಕವನ್ನೇ ತಗೊಳ್ಳಿ. ಕಾಲಿಟ್ಟರೆ ನಡುವೆ ಬಾಗುತ್ತದೆ. ಮೇಲ್ಭಾಗ ಒತ್ತಿಕೊಳ್ಳುತ್ತದೆ, ಅಡಿಭಾಗ ಎಳೆದುಕೊಳ್ಳುತ್ತದೆ. ಮರ ಎರಡನ್ನೂ ತಾಳುತ್ತದೆ. ಬೀಡು ಎಷ್ಟು ಒತ್ತಿದರೂ ಜಗ್ಗದು, ಎಳೆದರೆ ಮಾತ್ರ ಟಕ್ಕನೆ ಮುರಿಯುತ್ತದೆ. ಅದಕ್ಕೇ ಕಮಾನು. ಭಾರವೆಲ್ಲ ಒತ್ತಡವಾಗಿಯೇ ದಡಕ್ಕಿಳಿಯುತ್ತದೆ. ಮೂವತ್ತು ಮೀಟರಿಗೂ ಮಿಕ್ಕ ಹರವು, ನದಿಯೊಳಗೆ ಒಂದೂ ಕಂಬವಿಲ್ಲ. ಹಾಯಿದೋಣಿಗಳಿಗೆ ದಾರಿ ಸಲೀಸು.

ನನಗೆ ಇದರಲ್ಲಿ ಬಲು ಸೋಜಿಗವೆನಿಸುವುದು ಕೂಡಿಕೆಗಳು. ಒಂದು ತುಂಡಿನ ಕಂಡಿಯಲ್ಲಿ ಇನ್ನೊಂದರ ನಾಲಿಗೆ ತೂರಿಸಿ, ಸಂದಿಗೆ ಬೆಣೆ ಬಡಿದಿದ್ದಾರೆ. ಸಿರಸಿ ಕಡೆಯ ಹಳೇ ಮನೆಗಳ ತೊಲೆ-ಕಂಬ ಕೂಡಿಸಿದ ಬಡಗಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ನಕ್ಷೆ ಬರೆದ ಥಾಮಸ್ ಪ್ರಿಚರ್ಡ್ ಮೂಲತಃ ಮರಗೆಲಸದವನೇ. ಅವನು 1777ರಲ್ಲಿ ತೀರಿಕೊಂಡ. ಎರಕ ಹೊಯ್ಯಿಸಿ ನಿಲ್ಲಿಸಿದವನು ಅಲ್ಲಿಯ ಕಬ್ಬಿಣದ ಕುಲುಮೆಗಳ ಒಡೆಯ ಮೂರನೇ ಅಬ್ರಹಾಂ ಡಾರ್ಬಿ. ಬೀಡಿನ ಸೇತುವೆಗೆ ತುಂಡು ಕೂಡಿಸುವ ರೂಢಿಯ ರೀತಿ ಎಂಬುದು ಆಗಿನ್ನೂ ಇರಲಿಲ್ಲ. ಸುಮಾರು 1,700 ತುಂಡುಗಳು; ನೋಡಲು ಒಂದೇ ತರಹ ಇದ್ದರೂ ಅಳತೆಯಲ್ಲಿ ಒಂದಕ್ಕೊಂದು ತಾಳೆಯಾಗದವೂ ಇವೆ. ಆಯಾ ಜಾಗಕ್ಕೆ ತಕ್ಕಂತೆ ಹೊಯ್ದದ್ದು!

ಒಟ್ಟು 378 ಟನ್. ಇದು ಅತಿಯೇ ಆಯಿತು ಎನ್ನಬೇಕು. 1796ರಲ್ಲಿ ಅದೇ ನದಿಯ ಸ್ವಲ್ಪ ಮೇಲ್ಗಡೆ ಬಿಲ್ಡ್‌ವಾಸಿನಲ್ಲಿ ಎಂಜಿನಿಯರ್ ಥಾಮಸ್ ಟೆಲ್ಫರ್ಡ್ ಇದಕ್ಕಿಂತ ಅಗಲದ ಹರವನ್ನು ಅರ್ಧದಷ್ಟೇ ಕಬ್ಬಿಣದಲ್ಲಿ ದಾಟಿದ. ಆದರೆ ಅವನಿಗೆ ಆ ಕೆಲಸ ಸಿಕ್ಕಿದ್ದೇ 1795ರ ಮಹಾನೆರೆ ಅಲ್ಲಿದ್ದ ಸೇತುವೆಯನ್ನು ಕೊಚ್ಚಿಕೊಂಡು ಹೋದದ್ದರಿಂದ. ಆ ನೆರೆ ನಮ್ಮ ಕಬ್ಬಿಣದ ಕಮಾನಿನ ಸಂದುಗಳೊಳಗೆ ನುಗ್ಗಿ ಹಾಯ್ದು ಹೋಯಿತು, ಸೇತುವೆ ಕದಲಲಿಲ್ಲ.

ಅದಕ್ಕೆ ಕಾಟ ಕೊಟ್ಟದ್ದು ದಡಗಳು. ಎರಡೂ ಬದಿಯ ಗುಡ್ಡ ಒಳಸರಿಯುತ್ತ ಕಮಾನನ್ನು ಹಿಂಡತೊಡಗಿದವು. 1934ರಲ್ಲಿ ವಾಹನ ಬಂದಾಯಿತು. 1970ರ ದಶಕದಲ್ಲಿ ನದಿಯ ತಳಕ್ಕೇ ಕಾಂಕ್ರೀಟ್ ಹಾಕಿ ದಡಗಳನ್ನು ದೂರ ಹಿಡಿದರು.

ಪಕ್ಕದ ಸುಂಕದ ಮನೆಯಲ್ಲಿ ಹಳೇ ದರಪಟ್ಟಿ ಈಗಲೂ ಇದೆ. ರಾಜಮನೆತನದವರಿಗೂ ಸುಂಕ ಬಿಡುವುದಿಲ್ಲ ಎಂದು ಅದರಲ್ಲಿ ಬರೆದಿದೆ. ನಮ್ಮ ಟೋಲ್ ಗೇಟಿನ ವಿನಾಯಿತಿ ಪಟ್ಟಿ ಓದಿದವರಿಗೆ ಇದು ಕನಸೆನಿಸೀತು.

ನಮಸ್ಕಾರ.